ಒಂದು ಬಂಡಿ, ಆರು ಎತ್ತು, ಎರಡು ಸಾವಿರ ಮೈಲಿ



ಹಳೆಯ ವಿದ್ಯಾರ್ಥಿಗಳು ಇಟ್ಟಿರುವ ಈ ದತ್ತಿ ಉಪನ್ಯಾಸ ಒಬ್ಬ ಇತಿಹಾಸದ ಮೇಷ್ಟರ ನೆನಪಿನದು. ವಿಷಯ ತಿಳಿಸಿ ಎಂದು ಸಂಘದವರು ಕಾಗದ ಬರೆದಾಗ, ನಾನು ಕದಂಬರನ್ನೋ ಕೆಳದಿಯ ಅರಸರನ್ನೋ ಆರಿಸಿಕೊಳ್ಳುತ್ತೇನೆ ಎಂದುಕೊಂಡಿದ್ದರೇನೋ. ನಾನು ಒಂದು ಕಂಪ್ಯೂಟರ್ ಆಟದ ಹೆಸರು ಬರೆದು ಕಳಿಸಿದೆ. ಕೆಲವು ದಿನ ಉತ್ತರವಿಲ್ಲ. ಆಮೇಲೆ ಕಾರ್ಯದರ್ಶಿಗಳು ಫೋನು ಮಾಡಿ, ಬಹಳ ಮರ್ಯಾದೆಯಿಂದಲೇ, "ಸಾರ್, ಅದು ಮಕ್ಕಳ ಆಟ ಅಲ್ವಾ?" ಅಂದರು. ಹೌದು, ಮಕ್ಕಳ ಆಟವೇ. ಆದರೆ ಅದನ್ನು ಮೊದಲು ಯೋಚಿಸಿದಾತ, ಎಂಟನೆಯ ತರಗತಿಗೆ ಇತಿಹಾಸವನ್ನು ಹೇಗೆ ಹೇಳಲಿ ಎಂದು ತಲೆ ಕೆರೆದುಕೊಂಡ ಒಬ್ಬ ಎಳೆಯ ಮೇಷ್ಟರು. ಹಾಗಾಗಿ ಈ ದತ್ತಿಗೆ ಇದು ಪರಕೀಯ ವಿಷಯವೇನಲ್ಲ.

ಆಟದ ಹೆಸರು 'ದಿ ಒರೆಗಾನ್ ಟ್ರೇಲ್'. ಒರೆಗಾನ್ ಜಾಡು ಎನ್ನೋಣ.

ನಾನು ಆ ಹೆಸರನ್ನು ಕೇಳಿದ್ದೇ ಒಂದು ನಗೆಪಾಟಲಿನ ಸಂದರ್ಭದಲ್ಲಿ. ನನ್ನ ಅಕ್ಕನ ಮಗಳು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಬೆಳೆದವಳು, ಅಲ್ಲಿಯೇ ಓದಿದವಳು. ಅವಳ ಮನೆಗೆ ಹೋಗಿದ್ದಾಗ ನನಗೆ ಹೊಟ್ಟೆ ಕೆಟ್ಟಿತು. ಎರಡು ದಿನ ಗಂಜಿ, ಮಜ್ಜಿಗೆ. ಮೂರನೆಯ ದಿನ ಎದ್ದು ಅಡುಗೆಮನೆಗೆ ಬಂದರೆ ಅವಳೂ ಅವಳ ಗೆಳತಿಯರೂ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. "ಸಾರಿ ಮಾಮ, ಆಮಶಂಕೆ ಅಂದ್ರೆ ನಮ್ಮ ವಯಸ್ಸಿನೋರಿಗೆ ನಗು ಬರತ್ತೆ. ಸ್ಕೂಲಲ್ಲಿ ನಾವೆಲ್ಲ ಅದರಿಂದಲೇ ಸತ್ತಿದ್ದು" ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ನೀವೂ ಸತ್ತಿದೀರಿ ಮಾಮ. ನಿಮ್ಮನ್ನೂ ಬಂಡಿಗೆ ಹತ್ತಿಸಿದ್ದೆ. ಕಾನ್ಸಾಸ್ ನದಿ ದಾಟೋವಾಗ ಮುಳುಗಿಹೋದ್ರಿ."

ಸುಮಾರು ಮೂವತ್ತು ವರ್ಷದ ಹಿಂದೆಯೇ ನಾನು ಒಂದು ಪರದೇಶದ ನದಿಯಲ್ಲಿ ಮುಳುಗಿ ಸತ್ತಿದ್ದೆ, ನನಗೇ ಗೊತ್ತಿರಲಿಲ್ಲ! ಕುತೂಹಲ ಹುಟ್ಟಿದ್ದು ಅಲ್ಲಿ.

ಕಥೆ 1971ರದು. ಡಾನ್ ರಾವಿಚ್, ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಎಂಬ ಮೂವರು ಹುಡುಗರು ಮಿನೆಸೋಟದ ಕಾರ್ಲ್‌ಟನ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದರು. ಮಿನಿಯಾಪೊಲಿಸ್ ನಗರದ ಶಾಲೆಗಳಲ್ಲಿ ಪಾಠ ಹೇಳುವ ತರಬೇತಿ ಪಡೆಯುತ್ತ ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. ರಾವಿಚ್ ಇತಿಹಾಸದವನು, ಉಳಿದಿಬ್ಬರು ಗಣಿತದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಜನ ಪಶ್ಚಿಮಕ್ಕೆ ವಲಸೆ ಹೋದ ಪಾಠ ರಾವಿಚ್‌ನ ಪಾಲಿಗೆ ಬಂತು. ಅವನು ಉದ್ದನೆಯ ಕಾಗದವನ್ನು ನೆಲದ ಮೇಲೆ ಹಾಸಿ ನಕ್ಷೆ ಬರೆದು, ದಾಳ ಮತ್ತು ಚೀಟಿಗಳಿಂದ ಆಡುವ ಒಂದು ಪಟದಾಟ ಮಾಡುತ್ತಿದ್ದ. ಗಣಿತದ ಗೆಳೆಯರು ಅದನ್ನು ನೋಡಿ, ಇದನ್ನು ಕಂಪ್ಯೂಟರಿಗೆ ಹಾಕಿದರೆ ಹೇಗೆ ಎಂದರು. ಇದ್ದದ್ದು ಎರಡು ವಾರ. ಬೇಸಿಕ್ ಭಾಷೆಯಲ್ಲಿ ಕುಳಿತು ಬರೆದರು. ಡಿಸೆಂಬರ್ 3ರಂದು ಜೋರ್ಡನ್ ಜೂನಿಯರ್ ಹೈಸ್ಕೂಲಿನ ಮಕ್ಕಳು ಅದನ್ನು ಮೊದಲ ಸಲ ಆಡಿದರು.

ಆಡಿದರು ಎಂದರೆ ಪರದೆಯ ಮುಂದೆ ಕುಳಿತು ಎಂದುಕೊಳ್ಳಬೇಡಿ. ಪರದೆ ಇರಲಿಲ್ಲ. ಕಂಪ್ಯೂಟರೂ ಶಾಲೆಯಲ್ಲಿರಲಿಲ್ಲ, ಅದು ಊರಿನ ಇನ್ನೆಲ್ಲೋ ಇತ್ತು. ಶಾಲೆಯಲ್ಲಿದ್ದದ್ದು ಫೋನಿನ ತಂತಿಯಿಂದ ಅದಕ್ಕೆ ಜೋಡಿಸಿದ ಟೆಲಿಪ್ರಿಂಟರು. ನಮ್ಮ ಪತ್ರಿಕಾ ಕಚೇರಿಗಳಲ್ಲಿ ಹಿಂದೆ ಕಟಕಟ ಎನ್ನುತ್ತಿದ್ದ ಯಂತ್ರದ ಸಂಬಂಧಿ ಅದು. ಬೆರಳಚ್ಚು ಮಾಡಿ ಉತ್ತರ ಕೊಡಬೇಕು. ಸುರುಳಿ ಕಾಗದದ ಮೇಲೆ ಸಾಲುಸಾಲಾಗಿ ಕಥೆ ಹೊರಬರುತ್ತದೆ. ಬೇಟೆಯಾಡಬೇಕೆಂದರೆ ಗುಂಡಿನ ಸದ್ದಿನ ಪದವನ್ನು, 'ಬ್ಯಾಂಗ್' ಎಂದು, ತಪ್ಪಿಲ್ಲದೆ ಬೇಗನೆ ಹೊಡೆಯಬೇಕು. ತಡವಾದರೆ ಜಿಂಕೆ ಓಡಿತು. ಅಕ್ಷರ ತಪ್ಪಿದರೂ ಓಡಿತು. ಕಾಗುಣಿತ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಮಕ್ಕಳು ಗುಂಪಾಗಿ ಆಡುತ್ತ ತಾವೇ ಕೆಲಸ ಹಂಚಿಕೊಂಡರಂತೆ. ಬೆರಳು ಚುರುಕಾದವರು ಬೇಟೆಗೆ, ಲೆಕ್ಕ ಬಲ್ಲವರು ಹಣಕ್ಕೆ, ಇನ್ನೊಬ್ಬರು ನಕ್ಷೆಗೆ. ತಕರಾರು ಬಂದರೆ ಮತ ಹಾಕುವುದು.

ಆ ಹಳೆಯ ಆಟದಲ್ಲಿ ಒಂದು ಕುಚೋದ್ಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ದಾರಿಯಲ್ಲಿ ಸತ್ತರೆ ಯಂತ್ರ ವಿಚಾರಿಸುತ್ತದೆ: ಪಾದ್ರಿ ಬೇಕೆ? ಅದ್ದೂರಿ ಶವಸಂಸ್ಕಾರ ಬೇಕೆ? ನೆಂಟರಿಗೆ ತಿಳಿಸಬೇಕೆ? ತಿಳಿಸಿ ಎಂದರೆ ತಂತಿಯ ಖರ್ಚು ನಾಲ್ಕೂವರೆ ಡಾಲರು ಎನ್ನುತ್ತದೆ. ಬೇಡ ಎಂದರೆ, ಸೇಂಟ್ ಲೂಯಿಸ್‌ನಲ್ಲಿ ನಿಮ್ಮ ಚಿಕ್ಕಮ್ಮ ಚಿಂತೆ ಹಚ್ಚಿಕೊಂಡು ಕೂತಿದ್ದಾಳೆ ಎಂದು ಚುಚ್ಚುತ್ತದೆ. ಇಪ್ಪತ್ತು ದಾಟಿದ ಮೂವರು ಹುಡುಗರು ರಾತ್ರಿ ನಿದ್ದೆಗೆಟ್ಟು ಬರೆದದ್ದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ತರಬೇತಿಯ ಅವಧಿ ಮುಗಿದಾಗ ರಾವಿಚ್ ಇಡೀ ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಕಂಪ್ಯೂಟರಿನಿಂದ ಅಳಿಸಿಬಿಟ್ಟ. ಕೆಲವು ವರ್ಷ ಆಟ ಒಂದು ಕಾಗದದ ಸುರುಳಿಯಾಗಿ ಉಳಿಯಿತು. 1974ರಲ್ಲಿ ಅವನಿಗೆ 'ಮೆಕ್' ಎಂಬ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಶಾಲೆಗಳಿಗೆ ಕಂಪ್ಯೂಟರ್ ತಲುಪಿಸಲೆಂದು ಮಿನೆಸೋಟ ರಾಜ್ಯ ಕಟ್ಟಿದ ಸಂಸ್ಥೆ ಅದು. ಹಬ್ಬದ ರಜೆಯಲ್ಲಿ ಕುಳಿತು ಸುರುಳಿ ನೋಡಿಕೊಂಡು ಸಾಲುಸಾಲಾಗಿ ಮತ್ತೆ ಒತ್ತಿದ. ಆಮೇಲೆ ಅವನು ಮಾಡಿದ ಕೆಲಸವೇ ನನಗೆ ಮುಖ್ಯ. ಜಾಡಿನಲ್ಲಿ ನಡೆದುಹೋದವರು ಬರೆದಿಟ್ಟ ದಿನಚರಿಗಳನ್ನು ಓದಿದ. ಎಷ್ಟು ದಿನಕ್ಕೊಮ್ಮೆ ಮಳೆ, ಎಷ್ಟು ಸಲ ಗಾಲಿ ಮುರಿಯಿತು, ಎಲ್ಲಿ ನೀರು ಕೆಟ್ಟಿತ್ತು ಎಂದು ಎಣಿಸಿ, ಆ ಎಣಿಕೆಯನ್ನು ಆಟದ ದಾಳದೊಳಗೆ ಸೇರಿಸಿದ. ಸತ್ತವರ ದಿನಚರಿಯೇ ಸಂಭವನೀಯತೆಯ ಕೋಷ್ಟಕವಾಯಿತು. 1978ರಲ್ಲಿ ಈ ಪ್ರೋಗ್ರಾಮು 'ಕ್ರಿಯೇಟಿವ್ ಕಂಪ್ಯೂಟಿಂಗ್' ಪತ್ರಿಕೆಯಲ್ಲಿ ಸಾಲು ಬಿಡದೆ ಅಚ್ಚಾಯಿತು. ಮೂವರಿಗೂ ಈ ಆಟದಿಂದ ರಾಯಧನವೆಂದು ಒಂದು ಕಾಸೂ ಬರಲಿಲ್ಲ.

ನನ್ನ ಸೋದರಸೊಸೆ ಆಡಿದ್ದು 1985ರಲ್ಲಿ ಫಿಲಿಪ್ ಬುಶಾರ್ಡ್ ಮತ್ತು ಸಂಗಡಿಗರು ಆಪಲ್ ಟು ಕಂಪ್ಯೂಟರಿಗೆಂದು ಹೊಸದಾಗಿ ಕಟ್ಟಿದ ಆವೃತ್ತಿ. ಹಸಿರು ಗೆರೆಯ ಬೆಟ್ಟ, ಬಂಡಿ, ಎತ್ತು. ಅಮೆರಿಕದಲ್ಲಿ ಒಂದು ತಲೆಮಾರನ್ನೇ ಈ ಆಟದ ಹೆಸರಿನಿಂದ ಕರೆಯುವುದುಂಟು.

ಈಗ ಆ ಆಟದ ಅಂಗಡಿಗೆ ಬನ್ನಿ.

ವರ್ಷ 1848. ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣ. ನೀವು ಮೊದಲು ಯಾರೆಂದು ಹೇಳಬೇಕು. ಬಾಸ್ಟನ್ನಿನ ಬ್ಯಾಂಕಿನವರಾದರೆ ಕೈಯಲ್ಲಿ 1600 ಡಾಲರು, ಒಹಾಯೊದ ಬಡಗಿಯಾದರೆ 800, ಇಲಿನಾಯ್‌ನ ರೈತನಾದರೆ 400. ಜೊತೆಗೆ ಬರುವ ನಾಲ್ವರ ಹೆಸರು ಬರೆಯಬೇಕು. ಯಾವ ತಿಂಗಳು ಹೊರಡುತ್ತೀರಿ? ಮಾರ್ಚಿನಲ್ಲಿ ಹೊರಟರೆ ಎತ್ತುಗಳಿಗೆ ಹುಲ್ಲು ಚಿಗುರಿಲ್ಲ. ಜುಲೈಗೆ ಹೊರಟರೆ ಬೆಟ್ಟ ಸೇರುವಷ್ಟರಲ್ಲಿ ಹಿಮ. ಆಮೇಲೆ ಮ್ಯಾಟ್ ಎಂಬಾತನ ಅಂಗಡಿ.

ನಾನು ಮೊದಲ ಸಲ ಆಡಿದಾಗ ರೈತನಾದೆ, ಸಹಜವಾಗಿ. ಮ್ಯಾಟ್ ಸಭ್ಯ ವ್ಯಾಪಾರಿ, ಸಲಹೆ ಕೊಡುತ್ತಾನೆ. ಕನಿಷ್ಠ ಮೂರು ಜೋಡಿ ಎತ್ತು ಬೇಕು, ಜೋಡಿಗೆ 40 ಡಾಲರು. 120 ಆಯಿತು. ತಲೆಗೆ ಎರಡು ಜೊತೆ ಬಟ್ಟೆ, ಒಂದು ಜೊತೆಗೆ 10. ಐವರಿಗೆ 100. ತಲೆಗೆ 200 ಪೌಂಡು ದಿನಸಿ, ಪೌಂಡಿಗೆ 20 ಸೆಂಟು. ಸಾವಿರ ಪೌಂಡಿಗೆ 200. ಕೂಡಿಸಿ ನೋಡಿ: 420. ನನ್ನ ಹತ್ತಿರ ಇರುವುದು 400. ಒಂದು ಗುಂಡು ಕೊಂಡಿಲ್ಲ, ಬಂಡಿಗೆ ಹೆಚ್ಚುವರಿ ಗಾಲಿಯಿಲ್ಲ, ಅಚ್ಚಿಲ್ಲ, ಮೂಕಿಯಿಲ್ಲ. ಊರು ಬಿಡುವ ಮೊದಲೇ 20 ಡಾಲರು ಸಾಲದಲ್ಲಿದ್ದೇನೆ. ಅಂದರೆ ಏನನ್ನೋ ಬಿಡಬೇಕು. ಬಟ್ಟೆಯನ್ನೋ? ಬೆಟ್ಟದ ಚಳಿಯಲ್ಲಿ ಯಾರೋ ಒಬ್ಬರು ಅದರ ಬೆಲೆ ತೆರುತ್ತಾರೆ. ಹಿಟ್ಟನ್ನೋ? ಹೊಟ್ಟೆ ತುಂಬ ಕೊಟ್ಟರೆ ಐವರಿಗೆ ದಿನಕ್ಕೆ 15 ಪೌಂಡು ಬೇಕು, ಸಾವಿರ ಪೌಂಡು 66 ದಿನಕ್ಕೆ ಮುಗಿಯಿತು. ದಾರಿ ಐದಾರು ತಿಂಗಳಿನದು.

ಈ ಆಟದ ಸೆಳೆತ ಇಲ್ಲಿದೆ ಎಂಬುದು ನನ್ನ ವಾದ. ಹೊಡೆದಾಟದಲ್ಲಿ ಅಲ್ಲ, ಸಾಹಸದಲ್ಲಿ ಅಲ್ಲ, ದಿನಸಿ ಚೀಟಿಯಲ್ಲಿ. ತಿಂಗಳ ಮೊದಲ ವಾರ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ಬೇಳೆ ಒಂದು ಕಿಲೋ ಸಾಕೇ ಎರಡು ಬೇಕೇ ಎಂದು ಬೆರಳು ಮಡಿಸುವ ಯಾವ ಗೃಹಿಣಿಗೂ ಈ ಆಟವನ್ನು ವಿವರಿಸಬೇಕಾಗಿಲ್ಲ. ಹತ್ತು ಹನ್ನೆರಡರ ಮಕ್ಕಳ ಕೈಗೆ ಯಾರೂ ಮನೆಯ ಲೆಕ್ಕ ಕೊಡುವುದಿಲ್ಲ. ಈ ಆಟ ಕೊಟ್ಟಿತು. ಐದು ಜೀವವನ್ನೂ ನಾನೂರು ಡಾಲರನ್ನೂ ಮುಂದಿಟ್ಟು, ನೀನು ಯಜಮಾನ, ನೋಡಿಕೊ ಎಂದಿತು. ಮತ್ತೊಂದು ಮಾತು: ಕೊನೆಗೆ ಗುರಿ ಮುಟ್ಟಿದರೆ ರೈತನಿಗೆ ಅಂಕ ಮೂರು ಪಟ್ಟು, ಬಡಗಿಗೆ ಎರಡು ಪಟ್ಟು, ಬ್ಯಾಂಕಿನವನಿಗೆ ಇದ್ದಷ್ಟೇ. ಬಡವ ದಾಟಿದ ದಾರಿ ಹೆಚ್ಚು ಉದ್ದ ಎಂದು ಆಟಕ್ಕೆ ಗೊತ್ತು.

ಬೇಟೆಯಲ್ಲೂ ಲೆಕ್ಕವೇ. ಕಾಡೆಮ್ಮೆಯನ್ನು ಹೊಡೆದರೆ ರಾಶಿ ಮಾಂಸ, ಆದರೆ ಬಂಡಿಗೆ ಹೊತ್ತು ತರಬಹುದಾದದ್ದು 100 ಪೌಂಡು ಮಾತ್ರ. ಉಳಿದದ್ದು ಬಯಲಿನಲ್ಲಿ ಕೊಳೆಯಬೇಕು. ಆದರೂ ಹುಡುಗರು ಗುಂಡು ಮುಗಿಯುವವರೆಗೂ ಹೊಡೆಯುತ್ತಿದ್ದರು ಎಂದು ನನ್ನ ಸೊಸೆ ಒಪ್ಪಿಕೊಂಡಳು. ನಿಜವಾದ ಕಾಡೆಮ್ಮೆಗಳನ್ನು ಆ ಬಯಲಿನಲ್ಲಿ ನಿರ್ನಾಮದ ಅಂಚಿಗೆ ತಂದರು ಎಂಬುದು ಗೊತ್ತಿದ್ದವರಿಗೆ ಈ ನೂರು ಪೌಂಡಿನ ಮಿತಿ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಇನ್ನು ಸಾವು. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಆಡುತ್ತಿದ್ದ ಪರಮಪದ ಸೋಪಾನಪಟ ಇಲ್ಲಿ ಅನೇಕರಿಗೆ ನೆನಪಿರಬೇಕು. ಅಲ್ಲಿ ಏಣಿಗೆ ಒಂದು ಪುಣ್ಯದ ಹೆಸರು, ಹಾವಿಗೆ ಒಂದು ಪಾಪದ ಹೆಸರು. ದಾಳ ಕುರುಡಾದರೂ ಪಟ ಕುರುಡಲ್ಲ; ಬಿದ್ದವನಿಗೆ ತಾನು ಏಕೆ ಬಿದ್ದೆ ಎಂದು ಬರೆದಿಟ್ಟಿರುತ್ತದೆ. ಒರೆಗಾನ್ ಜಾಡಿನಲ್ಲಿ ಆ ಸಮಾಧಾನ ಇಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ್ದೀರಿ, ಆದರೂ ತಂಗಿಗೆ ದಡಾರ ಬರುತ್ತದೆ. ಹಾಗೆಂದು ಇದು ಬರೀ ಹಣೆಬರಹವೂ ಅಲ್ಲ. ಎತ್ತುಗಳನ್ನು ಅಟ್ಟಿದ ವೇಗ, ಊಟದಲ್ಲಿ ಮಾಡಿದ ಕಡಿತ, ಇವೆರಡೂ ಒಳಗೊಳಗೇ ಲೆಕ್ಕಕ್ಕೆ ಸೇರಿ ರೋಗದ ಸಂಭವವನ್ನು ಹೆಚ್ಚಿಸುತ್ತವೆ. ಎಷ್ಟು ಹೆಚ್ಚಿಸಿದವು ಎಂದು ಮಾತ್ರ ಆಟ ಬಾಯಿಬಿಡುವುದಿಲ್ಲ. ಹೀಗಾಗಿ ಆಡುವವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ: ಇದು ನನ್ನಿಂದ ಆದದ್ದೋ, ಆಗಬೇಕಿದ್ದದ್ದೋ? ದಾರಿಯಲ್ಲಿನ ಲಾರಾಮಿ ಕೋಟೆಯಲ್ಲಿ ಇನ್ನೊಂದು ದಿನ ನಿಂತಿದ್ದರೆ ಬದುಕುತ್ತಿದ್ದಳೇ? ನಮ್ಮ ಮನೆಗಳಲ್ಲಿ ಸಾವಾದಾಗ ಹದಿಮೂರು ದಿನವೂ ಇದೇ ಮಾತಲ್ಲವೆ, ಆಸ್ಪತ್ರೆಗೆ ಒಂದು ದಿನ ಮೊದಲು ಸೇರಿಸಿದ್ದರೆ ಎಂದು. ಮಕ್ಕಳ ಆಟವೊಂದು ಇಂಥ ಪ್ರಶ್ನೆಯನ್ನು ಕೈಗೆ ಕೊಟ್ಟು ಸುಮ್ಮನಿರುವುದು ನನಗೆ ದೊಡ್ಡದಾಗಿ ಕಂಡಿತು.

ಬಂಡಿ ಹತ್ತಿಸಲು ಮಕ್ಕಳು ಬರೆಯುತ್ತಿದ್ದದ್ದು ಗೆಳೆಯರ ಹೆಸರು, ಆಗದವರ ಹೆಸರು, ನಮ್ಮಂಥ ಸೋದರಮಾವಂದಿರ ಹೆಸರು. ಆದ್ದರಿಂದ ಪರದೆಯ ಮೇಲೆ ಸಾಯುತ್ತಿದ್ದವರು ಪಕ್ಕದ ಬೆಂಚಿನವರು. ತಂಡದ ಯಜಮಾನ ಸತ್ತರೆ ಆಟ ಮುಗಿಯಿತು. ಆದರೆ ಗೋರಿಕಲ್ಲಿನ ಮೇಲೆ ಏನಾದರೂ ಬರೆಯಲು ಅವಕಾಶ ಕೊಡುತ್ತದೆ. ಆ ಬರಹ ಫ್ಲಾಪಿಯಲ್ಲೇ ಉಳಿಯುತ್ತದೆ. ಮುಂದಿನ ತರಗತಿಯ ಹುಡುಗಿ ಅದೇ ಫ್ಲಾಪಿ ಹಾಕಿ ಹೊರಟರೆ, ದಾರಿಯಲ್ಲಿ ಆ ಜಾಗ ಬಂದಾಗ ಗೋರಿ ಎದುರಾಗುತ್ತದೆ. ಇಂಥ ಒಂದು ಗೋರಿಬರಹ ಕದ್ದು ನಕಲು ಮಾಡಿದ ಫ್ಲಾಪಿಗಳ ಮೂಲಕ ಊರೂರು ಸುತ್ತಿ ಪ್ರಸಿದ್ಧವಾಗಿದೆ. ಅದರಲ್ಲಿ ಯಾವನೋ ಪೋರ ಒಂದು ಪಿಜ್ಜಾ ಜಾಹೀರಾತಿನ ಉತ್ತರವನ್ನು ಕಾಗುಣಿತ ತಪ್ಪಾಗಿ ಬರೆದಿದ್ದಾನೆ. ನಮ್ಮಲ್ಲಿ ಒಂದು ವೀರಗಲ್ಲಿನ ಪಾಠವನ್ನು ಓದಲು ಪಂಡಿತರು ಎಷ್ಟು ಕಷ್ಟಪಡುತ್ತಾರೆ. ಅಲ್ಲಿ ಆ ತಪ್ಪು ಕಾಗುಣಿತಕ್ಕೂ ವ್ಯಾಖ್ಯಾನಕಾರರಿದ್ದಾರೆ.

ಆಟ ಹೇಳುವ ಇತಿಹಾಸ ಎಷ್ಟು ನಿಜ? ಒಂದು ಮಟ್ಟಿಗೆ ಆಶ್ಚರ್ಯವಾಗುವಷ್ಟು ನಿಜ. ಜಾಡಿನ ಉದ್ದ ಎರಡು ಸಾವಿರ ಮೈಲಿಗೂ ಮೇಲೆ. ಎತ್ತಿನ ಬಂಡಿ ಗಂಟೆಗೆ ಎರಡು ಮೈಲಿ, ದಿನಕ್ಕೆ ಹದಿನೈದು ಮೈಲಿ ಹೋದರೆ ಹೆಚ್ಚು. ಬಂಡಿಯಲ್ಲಿ ಸಾಮಾನೇ ತುಂಬಿದ್ದರಿಂದ ಹೆಚ್ಚಿನವರು ನಡೆದರು. ವಯೋಮಿಂಗ್‌ನ ಗರ್ನ್ಸಿ ಬಳಿ ಮರಳುಗಲ್ಲಿನಲ್ಲಿ ಗಾಲಿ ಕೊರೆದ ಜಾಡು ಕೆಲವೆಡೆ ಐದು ಅಡಿ ಆಳ ಇದೆ. ಸಿನಿಮಾ ನೋಡಿದವರು ದಾರಿಯುದ್ದಕ್ಕೂ ಮೂಲನಿವಾಸಿಗಳ ಬಾಣದ ಮಳೆ ಎಂದುಕೊಳ್ಳುತ್ತಾರೆ. ಜಾನ್ ಅನ್ರೂ ಎಂಬ ಇತಿಹಾಸಕಾರರು 1979ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ 1840ರಿಂದ 1860ರವರೆಗಿನ ದಾಖಲೆ ಜಾಲಾಡಿ ಎಣಿಸಿದ್ದಾರೆ: ಮೂಲನಿವಾಸಿಗಳಿಂದ ಸತ್ತ ವಲಸಿಗರು 362, ವಲಸಿಗರಿಂದ ಸತ್ತ ಮೂಲನಿವಾಸಿಗಳು 426. ಲಕ್ಷಗಟ್ಟಲೆ ಜನ ಹೋದ ದಾರಿಯಲ್ಲಿ ಇದು ಸಣ್ಣ ಸಂಖ್ಯೆ. ನಿಜವಾದ ಕೊಲೆಗಾರ ನೀರು. 1849ರಿಂದ ಕೆಲವು ವರ್ಷ ಕಾಲರಾ ಆ ದಾರಿಯಲ್ಲಿ ಜನರೊಂದಿಗೇ ನಡೆಯಿತು. ಹಿಂದಿನ ತಂಡ ಕೊಳಕು ಮಾಡಿದ ನೀರನ್ನೇ ಮುಂದಿನ ತಂಡ ಕುಡಿಯಿತು. ಆದ್ದರಿಂದ ನನ್ನ ಸೊಸೆಯ ನಗೆಯ ಹಿಂದೆ ಇರುವುದು ಸರಿಯಾದ ಇತಿಹಾಸ. ರಾವಿಚ್ ದಿನಚರಿಗಳಲ್ಲಿ ಇನ್ನೊಂದನ್ನೂ ಕಂಡಿದ್ದ: ಮೂಲನಿವಾಸಿಗಳು ವಲಸಿಗರಿಗೆ ಆಹಾರ ಎಲ್ಲಿದೆಯೆಂದು ತೋರಿಸಿದ್ದರು, ದಾರಿ ಹೇಳಿದ್ದರು. ಅದನ್ನೂ ಆಟಕ್ಕೆ ಸೇರಿಸಿದ.

ಆದರೆ ಲೆಕ್ಕದ ಪುಸ್ತಕಕ್ಕೆ ಒಂದು ಗುಣವಿದೆ. ಅದು ಯಾರದೋ ಒಬ್ಬರ ಪುಸ್ತಕ. ಈ ಆಟದಲ್ಲಿ ಎತ್ತಿಗೆ ಬೆಲೆಯಿದೆ, ಗುಂಡಿಗೆ ಬೆಲೆಯಿದೆ, ನದಿ ದಾಟಿಸುವ ದೋಣಿಯವನಿಗೆ ಐದು ಡಾಲರು. ಕೊನೆಯಲ್ಲಿ ಸಿಗುವ ನೆಲಕ್ಕೆ ಮಾತ್ರ ಬೆಲೆ ಇಲ್ಲ. ಒರೆಗಾನ್‌ನ ವಿಲ್ಲಾಮೆಟ್ ಕಣಿವೆ ಬಂತು ಎಂದರೆ ಗೆದ್ದಿರಿ. ಆ ಕಣಿವೆ ಕಲಪೂಯಾ ಎಂಬ ಮೂಲನಿವಾಸಿ ಜನರ ನೆಲ. 1830ರ ದಶಕದಲ್ಲಿ ಹೊರಗಿನಿಂದ ಬಂದ ಮಲೇರಿಯಾದಲ್ಲಿ ಅವರ ಬಹುಪಾಲು ಜನ ಸತ್ತರು. 1850ರ ಕಾನೂನು, ಅದಾಗಲೇ ಬಂದು ನೆಲಸಿದ್ದ ಬಿಳಿಯ ಗಂಡಸಿಗೆ 320 ಎಕರೆ, ಮದುವೆಯಾಗಿದ್ದರೆ ಹೆಂಡತಿಯ ಹೆಸರಿಗೆ ಇನ್ನೊಂದು 320 ಎಕರೆ ಉಚಿತವಾಗಿ ಕೊಟ್ಟಿತು. 1855ರ ಒಪ್ಪಂದದಲ್ಲಿ ಕಲಪೂಯಾ ಜನ ಕಣಿವೆಯನ್ನು ಬಿಟ್ಟುಕೊಡಬೇಕಾಯಿತು, ಮರುವರ್ಷ ಅವರನ್ನು ಗ್ರಾಂಡ್ ರೋಂಡ್ ಎಂಬಲ್ಲಿಗೆ ಸಾಗಿಸಿದರು. ಅವರೂ ನಡೆದೇ ಹೋದವರು. ಆ ನಡಿಗೆಗೆ ಅಂಗಡಿಯೂ ಇಲ್ಲ, ಆಯ್ಕೆಯೂ ಇಲ್ಲ, ಅಂಕವೂ ಇಲ್ಲ.

ಹಾಗೆಂದು ಆಟವನ್ನು ಕಿಟಕಿಯಿಂದ ಎಸೆಯಬೇಕೆ? ನನಗೆ ಹಾಗನ್ನಿಸುವುದಿಲ್ಲ. ಐದು ಜನರ ಹೊಟ್ಟೆಯನ್ನು ಅಷ್ಟು ನಿಷ್ಠೆಯಿಂದ ಎಣಿಸಿದ್ದಕ್ಕೇ ನಾವು ಅದರೊಳಗೆ ಮುಳುಗುತ್ತೇವೆ, ಮುಳುಗಿದ್ದರಿಂದಲೇ ದಾರಿಯ ಪಕ್ಕದವರನ್ನು ಕಾಣುವುದಿಲ್ಲ. ಎರಡೂ ಒಂದೇ ಕಸುಬಿನ ಫಲ. ಆ ಕಸುಬನ್ನು ಇನ್ನೊಂದು ಕಡೆಯಿಂದ ಹಿಡಿದವರೂ ಇದ್ದಾರೆ. ಎಲಿಜಬೆತ್ ಲಾಪೆನ್ಸೆ 2019ರಲ್ಲಿ 'ವೆನ್ ರಿವರ್ಸ್ ವರ್ ಟ್ರೇಲ್ಸ್' ಎಂಬ ಆಟ ರೂಪಿಸಿದರು. 1890ರ ದಶಕದಲ್ಲಿ ನೆಲ ಕಳೆದುಕೊಂಡ, ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದ ವ್ಯಕ್ತಿಯೊಬ್ಬರು ಮಿನೆಸೋಟದಿಂದ ಪಶ್ಚಿಮಕ್ಕೆ ನಡೆಯುವ ಕಥೆ ಅದು. ರಾವಿಚ್ ಪಾಠ ಹೇಳಿದ ಅದೇ ಮಿನೆಸೋಟ. 2021ರಲ್ಲಿ ಗೇಮ್‌ಲಾಫ್ಟ್ ಕಂಪನಿ ಹಳೆಯ ಆಟವನ್ನು ಮತ್ತೆ ಕಟ್ಟಿದಾಗ ಮೂಲನಿವಾಸಿ ವಿದ್ವಾಂಸರನ್ನು ಕೂರಿಸಿಕೊಂಡು ತಿದ್ದಿತು. ಈಗ ಆ ಕಡೆಯವರಾಗಿಯೂ ಆಡಬಹುದು.

ನನ್ನ ಸೊಸೆಯ ಗಂಡ ಹಳೆಯ ಯಂತ್ರಗಳನ್ನು ಕೂಡಿಡುವ ಹುಚ್ಚಿನವರು. ಮನೆಯ ನೆಲಮಾಳಿಗೆಯಲ್ಲಿ ಒಂದು ಆಪಲ್ ಟು ಇನ್ನೂ ಉಸಿರಾಡುತ್ತಿದೆ. ಗಂಜಿ ಬಿಟ್ಟು ಅನ್ನಕ್ಕೆ ಬಂದ ದಿನ ಅದರ ಮುಂದೆ ಕುಳಿತೆ. ಬಂಡಿಗೆ ನನ್ನನ್ನೂ, ನನ್ನ ಹೆಂಡತಿಯನ್ನೂ, ಅಕ್ಕಭಾವಂದಿರನ್ನೂ, ತೀರಿಕೊಂಡ ನನ್ನ ಅಣ್ಣನನ್ನೂ ಹತ್ತಿಸಿದೆ. ಚಿಮ್ನಿ ರಾಕ್ ಎಂಬ ಬಂಡೆ ದಾಟಿದೆವು. ಭಾವನಿಗೆ ವಿಷಮಶೀತ ಜ್ವರ ಬಂದು ಹೋಯಿತು. ಅಣ್ಣ ಕೊನೆಯವರೆಗೂ ಗಟ್ಟಿಯಾಗಿದ್ದ, ಅದೇನೋ ಹಿತವೆನಿಸಿತು. ಸೌತ್ ಪಾಸ್ ಕಣಿವೆಗೆ ಇನ್ನೂ ದೂರವಿರುವಾಗ ಹಿಟ್ಟು ತಳ ಕಂಡಿತು. ಗುಂಡು ಎಂದೋ ಮುಗಿದಿತ್ತು. ಒಬ್ಬೊಬ್ಬರಾಗಿ ಹೋದರು, ಕೊನೆಗೆ ನಾನು.

ಗೋರಿಕಲ್ಲು ಬಂತು. "ಏನ್ ಬರೀತೀರಿ ಮಾಮ?" ಎಂದಳು. ಕನ್ನಡ ಬರುತ್ತದೆಯೇ ಎಂದು ಕೇಳಿದೆ. ಆ ಯಂತ್ರಕ್ಕೆ ಬರುವುದಿಲ್ಲವಂತೆ. ಇಂಗ್ಲಿಷ್ ಅಕ್ಷರಗಳಲ್ಲೇ 'ಊಟ ಆಯ್ತಾ' ಎಂದು ಒತ್ತಿ ಎದ್ದೆ.

ಮರುದಿನ ಸಂಜೆ ಅವಳ ಮಗ ಶಾಲೆಯಿಂದ ಬಂದು ಅದೇ ಫ್ಲಾಪಿ ಹಾಕಿ ಹೊರಟಿದ್ದ. ನೆಲಮಾಳಿಗೆಯಿಂದ ಅವನ ದನಿ ಮೇಲೆ ಕೇಳಿಸಿತು. "ಅಮ್ಮಾ, ಇಲ್ಲಿ ಯಾರೋ ಸತ್ತವರು ಊಟ ಆಯ್ತಾ ಅಂತ ಕೇಳ್ತಿದಾರೆ. ಏನು ಹೇಳಲಿ?"